ವಿಮಾನ ಚಾಲಕರ ಸಮವಸ್ತ್ರ ನಿಯಮಗಳು

ವಿಮಾನ ಚಾಲಕರ ಸಮವಸ್ತ್ರ ನಿಯಮಗಳು ಎಂದರೆ ನಾಗರಿಕ ವಿಮಾನಯಾನ ಸಂಸ್ಥೆಗಳು ತಮ್ಮ ಪೈಲಟ್‌ಗಳ ಉಡುಪು, ಪದಸೂಚಕ ಚಿಹ್ನೆ, ಟೋಪಿ, ಕೇಶ ಮತ್ತು ಗಡ್ಡದ ಬಗ್ಗೆ ರೂಪಿಸಿರುವ ಆಂತರಿಕ ನಿಯಮಗಳು. ಪ್ರಯಾಣಿಕರ ವಿಶ್ವಾಸ, ಹುದ್ದೆಯ ಗುರುತು ಮತ್ತು ಶಿಸ್ತು ಇವುಗಳ ಮುಖ್ಯ ಉದ್ದೇಶಗಳು. ಉದ್ಯೋಗದಾತನು ಇಂತಹ ನಿಯಮಗಳನ್ನು ಎಲ್ಲಿಯವರೆಗೆ ಜಾರಿಗೊಳಿಸಬಹುದು ಎಂಬ ಪ್ರಶ್ನೆ ಹಲವು ದೇಶಗಳಲ್ಲಿ ಚರ್ಚೆಗೆ ಒಳಗಾಗಿದ್ದು, ಕೆಲವೆಡೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ.

ಇತಿಹಾಸ

ಆರಂಭಿಕ ದಿನಗಳ ವಿಮಾನಗಳಲ್ಲಿ ಚಾಲಕನ ಆಸನ ತೆರೆದಿರುತ್ತಿತ್ತು. ಚಳಿ ಮತ್ತು ಗಾಳಿಯಿಂದ ರಕ್ಷಣೆಗಾಗಿ ಚಾಲಕರು ಚರ್ಮದ ಅಂಗಿ, ಚರ್ಮದ ಟೋಪಿ ಮತ್ತು ಕನ್ನಡಕ ಧರಿಸುತ್ತಿದ್ದರು. 1930ರ ದಶಕದ ಆರಂಭದಲ್ಲಿ ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯು ನೀರಿನ ಮೇಲೆ ಇಳಿಯಬಲ್ಲ ತನ್ನ ದೊಡ್ಡ ವಿಮಾನಗಳ ಚಾಲಕರಿಗೆ ನೌಕಾ ಅಧಿಕಾರಿಗಳ ಮಾದರಿಯ ಗಾಢ ಬಣ್ಣದ ಕೋಟು ಮತ್ತು ಅಂಚುಳ್ಳ ಟೋಪಿಯನ್ನು ನೀಡಿತು. ಹಡಗಿನ ಪ್ರಯಾಣಕ್ಕೆ ಒಗ್ಗಿದ್ದ ಜನರಲ್ಲಿ ಹೊಸ ಸಾರಿಗೆಯ ಬಗ್ಗೆ ಭರವಸೆ ಮೂಡಿಸುವುದು ಇದರ ಉದ್ದೇಶವಾಗಿತ್ತು. ‘ಕ್ಯಾಪ್ಟನ್’ ಎಂಬ ಪದನಾಮವೂ ಹಡಗಿನಿಂದಲೇ ಬಂದುದು. ಕ್ಯಾಪ್ಟನ್‌ಗೆ ನಾಲ್ಕು ಪಟ್ಟಿ, ಸಹ ಪೈಲಟ್‌ಗೆ ಸಾಮಾನ್ಯವಾಗಿ ಮೂರು ಪಟ್ಟಿ ಎಂಬ ಪದ್ಧತಿ ಇಂದಿಗೂ ಬಹುತೇಕ ಸಂಸ್ಥೆಗಳಲ್ಲಿ ಉಳಿದಿದೆ.

ಜಾರಿಯ ವಿಧಾನ

ಪೈಲಟ್ ಪರವಾನಗಿಯನ್ನು ವಯಸ್ಸು, ವಿದ್ಯಾರ್ಹತೆ, ವೈದ್ಯಕೀಯ ಯೋಗ್ಯತೆ, ಪರೀಕ್ಷೆ ಮತ್ತು ಹಾರಾಟದ ಅನುಭವದ ಆಧಾರದ ಮೇಲೆ ನೀಡಲಾಗುತ್ತದೆ. ಸಮವಸ್ತ್ರದ ವಿವರಗಳನ್ನು ನಿರ್ಧರಿಸುವುದು ಆಯಾ ಸಂಸ್ಥೆ. ಆದ್ದರಿಂದ ಟೋಪಿ ಧರಿಸದಿರುವುದು ಹಾರಾಟದ ಅರ್ಹತೆಗೆ ಕುಂದಲ್ಲ, ಸೇವಾ ನಿಯಮದ ಉಲ್ಲಂಘನೆ ಮಾತ್ರ. ಆದರೂ ಅದರ ಪರಿಣಾಮ ಲಘುವಾಗಿರಬೇಕೆಂದಿಲ್ಲ. ಮೌಖಿಕ ಎಚ್ಚರಿಕೆ, ಲಿಖಿತ ವಿವರಣೆ ಕೇಳುವುದು, ಆ ದಿನದ ಹಾರಾಟದಿಂದ ಕೈಬಿಡುವುದು, ಶಿಸ್ತುಕ್ರಮ ಇವು ಸಾಮಾನ್ಯ ಹಂತಗಳು. ಸಮವಸ್ತ್ರದಲ್ಲಿರುವಾಗ ಸಾರ್ವಜನಿಕ ಸ್ಥಳದಲ್ಲಿ ನಡೆದುಕೊಳ್ಳಬೇಕಾದ ರೀತಿಗೂ ನಿಯಮಗಳು ಅನ್ವಯಿಸಬಹುದು.

ಟೋಪಿ ಪ್ರಕರಣ

ಈ ವಿಷಯದಲ್ಲಿ ಗಮನಾರ್ಹವಾದ ತೀರ್ಪು ಜರ್ಮನಿಯದು. ಲುಫ್ತಾನ್ಸಾ ಸಂಸ್ಥೆಯ ಒಪ್ಪಂದದ ಪ್ರಕಾರ ವಿಮಾನ ನಿಲ್ದಾಣದ ಸಾರ್ವಜನಿಕ ಭಾಗಗಳಲ್ಲಿ ಪುರುಷ ಪೈಲಟ್‌ಗಳು ಟೋಪಿ ಧರಿಸುವುದು ಕಡ್ಡಾಯವಾಗಿತ್ತು. ಮಹಿಳಾ ಪೈಲಟ್‌ಗಳಿಗೆ ಅದು ಐಚ್ಛಿಕವಾಗಿತ್ತು. 2009ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಹಾರಾಟಕ್ಕೆ ಟೋಪಿಯಿಲ್ಲದೆ ಬಂದ ಪೈಲಟ್ ಒಬ್ಬರನ್ನು ಆ ಹಾರಾಟದಿಂದ ಕೈಬಿಡಲಾಯಿತು. ಅವರು ಹೂಡಿದ ದಾವೆಯಲ್ಲಿ ಕೆಳ ಹಂತದ ಎರಡು ನ್ಯಾಯಾಲಯಗಳು ಭಿನ್ನ ತೀರ್ಪು ನೀಡಿದವು. ಜರ್ಮನಿಯ ಒಕ್ಕೂಟ ಕಾರ್ಮಿಕ ನ್ಯಾಯಾಲಯವು 2014ರ ಸೆಪ್ಟೆಂಬರ್ 30ರಂದು ಪೈಲಟ್ ಪರವಾಗಿ ತೀರ್ಪಿತ್ತಿತು. ಸಮವಸ್ತ್ರದ ಉದ್ದೇಶ ಪೈಲಟ್‌ಗಳನ್ನು ಗುರುತಿಸುವುದಾದರೆ, ಟೋಪಿಯ ವಿಷಯದಲ್ಲಿ ಪುರುಷರು ಮತ್ತು ಮಹಿಳೆಯರ ನಡುವೆ ಭೇದ ಮಾಡುವುದಕ್ಕೆ ಆ ಉದ್ದೇಶ ಸಮರ್ಥನೆಯಾಗದು ಎಂಬುದು ತೀರ್ಪಿನ ಸಾರ. ಸಮವಸ್ತ್ರವನ್ನು ಕಡ್ಡಾಯಗೊಳಿಸುವ ಅಧಿಕಾರವನ್ನು ಇದು ತಳ್ಳಿಹಾಕಲಿಲ್ಲ. ನಿಯಮ ಸಮಾನವಾಗಿರಬೇಕು ಎಂದಿತು.

ಗಡ್ಡ ಮತ್ತು ಸುರಕ್ಷತೆ

ಗಡ್ಡದ ಮೇಲಿನ ನಿರ್ಬಂಧಕ್ಕೆ ನೀಡಲಾಗುವ ಕಾರಣ ಆಮ್ಲಜನಕ ಮುಖವಾಡ. ವಿಮಾನದೊಳಗಿನ ಒತ್ತಡ ಕುಸಿದಾಗ ಪೈಲಟ್ ಕ್ಷಣಾರ್ಧದಲ್ಲಿ ಮುಖವಾಡ ಧರಿಸಬೇಕಾಗುತ್ತದೆ. ಗಡ್ಡದಿಂದಾಗಿ ಅದು ಮುಖಕ್ಕೆ ಸರಿಯಾಗಿ ಅಂಟದೆ ಸೋರಿಕೆಯಾಗಬಹುದು ಎಂದು ಅಮೆರಿಕದ ವಿಮಾನಯಾನ ಆಡಳಿತವು 1987ರ ಸಲಹಾ ಸುತ್ತೋಲೆಯಲ್ಲಿ ಎಚ್ಚರಿಸಿತ್ತು. ಏರ್ ಕೆನಡಾ ಸಂಸ್ಥೆಗಾಗಿ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನದಲ್ಲಿ ಬೇರೆ ಬೇರೆ ಉದ್ದದ ಗಡ್ಡವಿರುವವರನ್ನು ಕಡಿಮೆ ಒತ್ತಡದ ಕೋಣೆಯಲ್ಲಿ ಪರೀಕ್ಷಿಸಲಾಯಿತು. ಮುಖವಾಡದ ಕಾರ್ಯಕ್ಕೆ ಗಡ್ಡದಿಂದ ಅಡ್ಡಿ ಕಂಡುಬರಲಿಲ್ಲ. 2018ರಲ್ಲಿ ಆ ಸಂಸ್ಥೆ ಕತ್ತರಿಸಿ ಒಪ್ಪವಾಗಿಟ್ಟ ಗಡ್ಡಕ್ಕೆ ತನ್ನ ಪೈಲಟ್‌ಗಳಿಗೆ ಅನುಮತಿ ನೀಡಿತು.

ಭಾರತದಲ್ಲಿ

1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆ ವಿಮಾನ ನಡೆಸಿದರು. ಅದೇ ಸೇವೆಯ ಮುಂದಿನ ಹಂತದಲ್ಲಿ ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಹಾರಿದರು. ಈ ಸೇವೆಯಿಂದ ಬೆಳೆದ ಏರ್ ಇಂಡಿಯಾ 1953ರಲ್ಲಿ ರಾಷ್ಟ್ರೀಕರಣಗೊಂಡು, 2022ರ ಜನವರಿಯಲ್ಲಿ ಮತ್ತೆ ಟಾಟಾ ಸಮೂಹಕ್ಕೆ ಸೇರಿತು. 2023ರ ಡಿಸೆಂಬರ್‌ನಲ್ಲಿ ಮನೀಶ್ ಮಲ್ಹೋತ್ರಾ ವಿನ್ಯಾಸದ ಹೊಸ ಸಮವಸ್ತ್ರವನ್ನು ಸಂಸ್ಥೆ ಪ್ರಕಟಿಸಿತು. ಪೈಲಟ್‌ಗಳಿಗೆ ಎರಡು ಸಾಲು ಗುಂಡಿಗಳ ಕಪ್ಪು ಕೋಟು ಗೊತ್ತುಪಡಿಸಲಾಯಿತು. ಭಾರತದಲ್ಲಿ ಸಿಖ್ ಪೈಲಟ್‌ಗಳು ಪೇಟ ಧರಿಸಿಯೇ ಕರ್ತವ್ಯ ನಿರ್ವಹಿಸುತ್ತಾರೆ.

ಸೇವಾ ನಿಯಮಗಳ ಮಿತಿಯನ್ನು ಸರ್ವೋಚ್ಚ ನ್ಯಾಯಾಲಯ ಎರಡು ಸಂಬಂಧಿತ ಪ್ರಕರಣಗಳಲ್ಲಿ ಪರಿಶೀಲಿಸಿದೆ. 1981ರಲ್ಲಿ, ಮೊದಲ ಗರ್ಭಧಾರಣೆಯೊಂದಿಗೆ ಗಗನಸಖಿಯರ ಸೇವೆ ಕೊನೆಗೊಳ್ಳುತ್ತದೆ ಎಂಬ ಏರ್ ಇಂಡಿಯಾ ನಿಯಮವನ್ನು ಅದು ರದ್ದುಪಡಿಸಿತು. 2016ರ ಡಿಸೆಂಬರ್ 15ರಂದು, ಧಾರ್ಮಿಕ ಕಾರಣಕ್ಕೆ ಗಡ್ಡ ಬಿಡಲು ಅವಕಾಶ ಕೋರಿದ್ದ ವಾಯುಪಡೆಯ ಸಿಬ್ಬಂದಿಯ ಮೇಲ್ಮನವಿಯನ್ನು ತಿರಸ್ಕರಿಸಿ, ಸಶಸ್ತ್ರ ಪಡೆಗೆ ಏಕರೂಪತೆ ಮತ್ತು ಶಿಸ್ತು ಅಗತ್ಯ ಎಂದಿತು. ಎರಡನೆಯ ತೀರ್ಪು ಸೇನಾ ಸೇವೆಗೆ ಸಂಬಂಧಿಸಿದ್ದು, ನಾಗರಿಕ ಪೈಲಟ್‌ಗಳ ಕುರಿತದ್ದಲ್ಲ.

ಬೆಂಗಳೂರು

ಬೆಂಗಳೂರಿನ ನಿಯತ ವಿಮಾನ ಸೇವೆಗಳು 2008ರ ಮೇ 24ರಂದು ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡವು. ಬಸವೇಶ್ವರನಗರ, ರಾಜಾಜಿನಗರ, ವಿಜಯನಗರಗಳಂತಹ ಪಶ್ಚಿಮ ಬಡಾವಣೆಗಳಿಂದ ಹೊಸ ನಿಲ್ದಾಣವನ್ನು ತಲುಪಲು ನಗರವನ್ನು ದಾಟಿ ಉತ್ತರಕ್ಕೆ ಸಾಗಬೇಕು. ಮನೆಯಿಂದಲೇ ಸಮವಸ್ತ್ರ ಧರಿಸಿ ಹೊರಡುವ ಸಿಬ್ಬಂದಿಯ ಮಟ್ಟಿಗೆ, ಸಾರ್ವಜನಿಕ ಸ್ಥಳದ ನಿಯಮಗಳು ನಿಲ್ದಾಣಕ್ಕೆ ಬಹಳ ಮೊದಲೇ ಅನ್ವಯಿಸತೊಡಗುತ್ತವೆ.

ಭದ್ರತೆ

ಸಮವಸ್ತ್ರವೇ ಪ್ರವೇಶಪತ್ರವಲ್ಲ. 2019ರ ನವೆಂಬರ್‌ನಲ್ಲಿ ವಿದೇಶಿ ಸಂಸ್ಥೆಯೊಂದರ ಕ್ಯಾಪ್ಟನ್ ವೇಷದಲ್ಲಿದ್ದ ವ್ಯಕ್ತಿಯನ್ನು ದೆಹಲಿ ವಿಮಾನ ನಿಲ್ದಾಣದಲ್ಲಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ ವಶಕ್ಕೆ ಪಡೆಯಿತು. ಉಡುಪು ಗೌರವವನ್ನು ತಂದುಕೊಡಬಹುದು, ಆದರೆ ಗುರುತನ್ನು ಖಚಿತಪಡಿಸುವುದು ಗುರುತಿನ ಚೀಟಿ ಮತ್ತು ತಪಾಸಣೆ. ಈ ಕಾರಣಕ್ಕಾಗಿಯೇ ಗುರುತಿನ ಚೀಟಿಗೆ ಸಂಬಂಧಿಸಿದ ನಿಯಮಗಳನ್ನು ಟೋಪಿ ಅಥವಾ ಕೋಟಿನ ನಿಯಮಗಳಿಗಿಂತ ಕಟ್ಟುನಿಟ್ಟಾಗಿ ಪಾಲಿಸಲಾಗುತ್ತದೆ.

ಇತ್ತೀಚಿನ ಬದಲಾವಣೆಗಳು

ಹಲವು ಸಂಸ್ಥೆಗಳು ಟೋಪಿಯನ್ನು ಐಚ್ಛಿಕಗೊಳಿಸಿವೆ ಅಥವಾ ಕೈಬಿಟ್ಟಿವೆ. ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ 2022ರ ಸೆಪ್ಟೆಂಬರ್‌ನಲ್ಲಿ, ಲಿಂಗಭೇದವಿಲ್ಲದೆ ತನ್ನ ಎರಡು ಬಗೆಯ ಸಮವಸ್ತ್ರಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವನ್ನು ಪೈಲಟ್‌ಗಳೂ ಸೇರಿದಂತೆ ಸಿಬ್ಬಂದಿಗೆ ನೀಡಿತು. ಪದಸೂಚಕ ಪಟ್ಟಿಗಳು ಮಾತ್ರ ಹೆಚ್ಚಿನ ಬದಲಾವಣೆಯಿಲ್ಲದೆ ಮುಂದುವರಿದಿವೆ.