ನಲವತ್ತು ಮಕ್ಕಳಿಗೊಂದು ಶಾಲಾ ಜಿಲ್ಲೆ

ನ್ಯೂಯಾರ್ಕ್ ರಾಜ್ಯದ ಕಿರ್ಯಾಸ್ ಜೋಯೆಲ್‌ನಲ್ಲಿ ಮನೆಮಾತು ಯಿಡ್ಡಿಷ್. ಟಿವಿ, ರೇಡಿಯೋ ಮನೆಯೊಳಗೆ ಬರುವಂತಿಲ್ಲ. ಗಂಡುಮಕ್ಕಳಿಗೆ ಒಂದು ಧಾರ್ಮಿಕ ಶಾಲೆ, ಹೆಣ್ಣುಮಕ್ಕಳಿಗೆ ಇನ್ನೊಂದು. ಎರಡನೇ ಮಹಾಯುದ್ಧದ ನಂತರ ಬ್ರೂಕ್ಲಿನ್‌ಗೆ ಬಂದು ನೆಲೆಸಿದ ಸಾತ್ಮಾರ್ ಎಂಬ ಕಟ್ಟಾ ಸಂಪ್ರದಾಯಸ್ಥ ಹಸೀದಿ ಯಹೂದಿ ಪಂಥದವರು 1970ರ ದಶಕದಲ್ಲಿ ಕಟ್ಟಿಕೊಂಡ ಊರಿದು. ತಮ್ಮ ಗುರು ಜೋಯೆಲ್ ಟೈಟೆಲ್‌ಬಾಮ್ ಅವರ ಹೆಸರನ್ನೇ ಇಟ್ಟರು. 1977ರಲ್ಲಿ ಗಡಿ ಗುರುತಿಸಿದಾಗ ಒಳಗೆ ಬಂದದ್ದು 320 ಎಕರೆ, ಅಷ್ಟೂ ಸಾತ್ಮಾರ್‌ಗಳದ್ದೇ.

ಅವರ ಶಾಲೆಗಳಲ್ಲಿ ಇಲ್ಲದಿದ್ದದ್ದು ಒಂದೇ: ಕಿವಿ ಕೇಳದ, ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಕಲಿಸುವ ವ್ಯವಸ್ಥೆ. ಇಂಥ ಮಕ್ಕಳ ಶಿಕ್ಷಣದ ಹೊಣೆಯನ್ನು 1975ರ ಕೇಂದ್ರ ಕಾನೂನು ಸರ್ಕಾರಿ ವ್ಯವಸ್ಥೆಯ ಮೇಲೆ ಹಾಕಿತ್ತು. ಹಾಗಾಗಿ 1984ರಲ್ಲಿ, ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಮನ್ರೋ-ವುಡ್‌ಬರಿ ಶಾಲಾ ಜಿಲ್ಲೆ ತನ್ನ ಶಿಕ್ಷಕರನ್ನು ಊರಿಗೇ ಕಳಿಸಿತು. ಹೆಣ್ಣುಮಕ್ಕಳ ಶಾಲೆಗೆ ಹೊಂದಿಕೊಂಡ ಕಟ್ಟಡದಲ್ಲಿ ಪಾಠ ಶುರುವಾಯಿತು.

ಅದು ನಡೆದದ್ದು ಒಂದೇ ವರ್ಷ.

1985ರ ಜುಲೈ 1ರಂದು ಅಗಿಲಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಶಿಕ್ಷಕರು ಧಾರ್ಮಿಕ ಶಾಲೆಯ ಆವರಣದಲ್ಲಿ ಪಾಠ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ನ್ಯೂಯಾರ್ಕ್ ನಗರ ಇದಕ್ಕೊಂದು ಉಪಾಯ ಹೂಡಿತು: ಧಾರ್ಮಿಕ ಶಾಲೆಗಳ ಹೊರಗೆ ವ್ಯಾನ್ ನಿಲ್ಲಿಸಿ, ಮಕ್ಕಳನ್ನು ಅದರೊಳಗೆ ಕೂರಿಸಿ ಪಾಠ ಹೇಳಿಸಿತು. ವ್ಯಾನು, ಬಾಡಿಗೆ ಕೊಠಡಿ, ಕಂಪ್ಯೂಟರ್ ಎಂದು 1994ರ ಹೊತ್ತಿಗೆ ಆದ ಖರ್ಚು 10 ಕೋಟಿ ಡಾಲರ್ ದಾಟಿತ್ತು.

ಕಿರ್ಯಾಸ್ ಜೋಯೆಲ್‌ನ ಮಕ್ಕಳಾದರೋ, ಊರಿನ ಪಾಠ ನಿಂತದ್ದರಿಂದ, ಹೊರಗಿನ ಸರ್ಕಾರಿ ಶಾಲೆಗೆ ಹೋಗಬೇಕಾಯಿತು. ಗೊತ್ತಿಲ್ಲದ ಭಾಷೆ, ಬೇರೆಯೇ ಉಡುಪಿನ ಸಹಪಾಠಿಗಳು. ಮಕ್ಕಳು ಹೆದರಿ ನಲುಗುತ್ತಿದ್ದಾರೆಂದು ಹೆತ್ತವರು ಒಬ್ಬೊಬ್ಬರಾಗಿ ಬಿಡಿಸಿಕೊಂಡರು. 1989ರ ವೇಳೆಗೆ ಅಲ್ಲಿ ಉಳಿದದ್ದು ಈ ಊರಿನ ಒಂದೇ ಒಂದು ಮಗು. ಮಿಕ್ಕವರಲ್ಲಿ ಕೆಲವರಿಗೆ ಖಾಸಗಿ ಪಾಠ, ಕೆಲವರಿಗೆ ಅದೂ ಇಲ್ಲ.

ಅದೇ ವರ್ಷ ರಾಜ್ಯ ಶಾಸನಸಭೆ ಈ ಊರಿಗೇ ಪ್ರತ್ಯೇಕ ಶಾಲಾ ಜಿಲ್ಲೆ ಮಾಡಿಕೊಟ್ಟಿತು. ಗವರ್ನರ್ ಮಾರಿಯೋ ಕ್ಯೂಮೋ ಸಹಿ ಹಾಕಿದರು. ಜಿಲ್ಲೆ ನಡೆಸಿದ್ದು ವಿಶೇಷ ಮಕ್ಕಳ ಕಾರ್ಯಕ್ರಮವೊಂದನ್ನೇ. ಪೂರ್ಣಾವಧಿ ಕಲಿಯುತ್ತಿದ್ದವರು ನಲವತ್ತಕ್ಕೂ ಸ್ವಲ್ಪ ಹೆಚ್ಚು. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊರಗಿನಿಂದ ಬರುವ ಹಸೀದಿ ಮಕ್ಕಳು. ಶಾಲೆಯಲ್ಲಿ ಧಾರ್ಮಿಕ ಚಿಹ್ನೆಗಳಿರಲಿಲ್ಲ, ಗಂಡು-ಹೆಣ್ಣು ಒಟ್ಟಿಗೇ ಕಲಿಯುತ್ತಿದ್ದರು. ಊರಿನ ಧಾರ್ಮಿಕ ಶಾಲೆಗಳಲ್ಲಿ ಇದನ್ನು ಊಹಿಸುವುದೂ ಸಾಧ್ಯವಿರಲಿಲ್ಲ.

ರಾಜ್ಯದ ಶಾಲಾ ಮಂಡಳಿಗಳ ಸಂಘದ ಲೂಯಿಸ್ ಗ್ರುಮೆಟ್ ಕೋರ್ಟಿಗೆ ಹೋದರು. ಒಂದು ಪಂಥಕ್ಕೆಂದೇ ಸರ್ಕಾರಿ ಅಧಿಕಾರ ಹಂಚಿಕೊಟ್ಟಂತಾಯಿತು ಎಂಬುದು ಆಕ್ಷೇಪ. 1994ರ ಜೂನ್ 27ರಂದು ಸುಪ್ರೀಂ ಕೋರ್ಟ್ 6–3 ಬಹುಮತದಿಂದ ಅದನ್ನು ಒಪ್ಪಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸೌಟರ್. ಹೊರಗಿನ ಶಾಲೆಯ ಸಹಪಾಠಿಗಳಿಗೇ ಸಹನೆ ಕಲಿಸಬಹುದಿತ್ತಲ್ಲ ಎಂದು ನ್ಯಾಯಮೂರ್ತಿ ಸ್ಟೀವನ್ಸ್ ಕೇಳಿದರು. ಧಾರ್ಮಿಕ ಸಹಿಷ್ಣುತೆಯನ್ನೇ ಧರ್ಮಸ್ಥಾಪನೆ ಎಂದು ಕರೆದಂತಾಯಿತೆಂದು ಸ್ಕಾಲಿಯಾ ಭಿನ್ನಮತದಲ್ಲಿ ಗುಡುಗಿದರು.

ಶಾಸನಸಭೆ ಸೋಲೊಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಅದೇ ಜಿಲ್ಲೆಯನ್ನು ಉಳಿಸುವ ಹೊಸ ಕಾನೂನು ತಂದಿತು. ರಾಜ್ಯದ ನ್ಯಾಯಾಲಯ ಅದನ್ನು 1997ರಲ್ಲಿ ಹೊಡೆದುಹಾಕಿತು. ತಮಾಷೆಯೆಂದರೆ, ಆ ವರ್ಷವೇ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅಗಿಲಾರ್ ತೀರ್ಪನ್ನು 5–4ರಿಂದ ತಾನೇ ರದ್ದು ಮಾಡಿತು. ಸರ್ಕಾರಿ ಶಿಕ್ಷಕರು ಮತ್ತೆ ಧಾರ್ಮಿಕ ಶಾಲೆಯ ಹೊಸ್ತಿಲು ದಾಟಬಹುದಿತ್ತು. 1984ರಲ್ಲಿ ಆರು ವರ್ಷವಾಗಿದ್ದ ಮಗುವಿಗೆ ಆಗ ಹತ್ತೊಂಬತ್ತು.