ಮುಖಪರಿಚಯದ ಸಹಿ: ಡೆಬಿಯನ್ ಸಮ್ಮೇಳನಗಳ ಇತಿಹಾಸದಿಂದ



ಹಿಂದೆ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ ಅರ್ಜಿಯಲ್ಲಿ ಒಂದು ಜಾಗ ಖಾಲಿ ಇರುತ್ತಿತ್ತು. ಈಗಾಗಲೇ ಖಾತೆ ಇರುವವರೊಬ್ಬರು 'ಇವರನ್ನು ನಾನು ಬಲ್ಲೆ' ಎಂದು ಅಲ್ಲಿ ಸಹಿ ಹಾಕಿಕೊಡಬೇಕಿತ್ತು. ಆ ಒಂದು ಸಹಿಗಾಗಿ ನನ್ನ ತಂದೆಯವರು ಪೇಟೆಯ ಕಿರಾಣಿ ಅಂಗಡಿಯವರ ಬಳಿ ಹೋಗಿ ಕಾದು ನಿಂತದ್ದು ನನಗೆ ನೆನಪಿದೆ. ಕಂಪ್ಯೂಟರ್ ವಿದ್ಯೆಯಲ್ಲಿ ಪಳಗಿದವರು ಕೂಡ ಇಂಥದೇ ಸಹಿಗಾಗಿ ಸಮುದ್ರ ದಾಟಿ ಹೋಗುತ್ತಾರೆ ಎಂದರೆ ನೀವು ನಂಬುತ್ತೀರಾ? ಅದು ಹೇಗೆಂದು ಈ ಲೇಖನದಲ್ಲಿ ನೋಡೋಣ.

1993ರ ಆಗಸ್ಟ್ 16ರಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ 'ಡೆಬಿಯನ್' ಎಂಬ ಯೋಜನೆಯನ್ನು ಪ್ರಕಟಿಸಿದರು. ಆಗ ಅವರಿಗೆ ಕೇವಲ 20 ವರ್ಷ. ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರನ್ನು ಸೇರಿಸಿ ಈ ಹೆಸರು ಕಟ್ಟಿದ್ದು. ಲಿನಕ್ಸ್ ಮತ್ತು ಅದರ ಜೊತೆಗೆ ಬೇಕಾಗುವ ಸಾವಿರಾರು ತಂತ್ರಾಂಶಗಳನ್ನು ಒಪ್ಪವಾಗಿ ಜೋಡಿಸಿ, ಯಾರು ಬೇಕಾದರೂ ಉಚಿತವಾಗಿ ಬಳಸುವಂತೆ, ಒಳಗಿನ ಬರಹವನ್ನು ತೆರೆದು ನೋಡಿ ತಿದ್ದುವಂತೆ ಕೊಡುವುದು ಅದರ ಕೆಲಸ. ಇದನ್ನೇ ಓಪನ್ ಸೋರ್ಸ್ ಅಥವಾ ಮುಕ್ತ ತಂತ್ರಾಂಶ ಎನ್ನುತ್ತೇವೆ. ನಮ್ಮ ಕಾಲೇಜುಗಳ ಲ್ಯಾಬ್‌ಗಳಲ್ಲಿ ನೀವು ನೋಡಿರಬಹುದಾದ ಉಬುಂಟು, 2004ರಲ್ಲಿ ಈ ಡೆಬಿಯನ್ ಮೇಲೆಯೇ ಕಟ್ಟಿದ್ದು.

ಡೆಬಿಯನ್‌ಗೆ ಮಾಲೀಕನಿಲ್ಲ. ದೇಶ ದೇಶಗಳಲ್ಲಿ ಹರಡಿಕೊಂಡ ಸ್ವಯಂಸೇವಕರು ತಮ್ಮ ತಮ್ಮ ಮನೆಯಲ್ಲಿ ಕೂತು ಕೆಲಸ ಮಾಡಿ ಕಳುಹಿಸುತ್ತಾರೆ. ಇಲ್ಲೇ ಸಮಸ್ಯೆ ಹುಟ್ಟಿದ್ದು. ಸದಸ್ಯನೊಬ್ಬ ಕಳುಹಿಸಿದ ತಂತ್ರಾಂಶ ಮುಂದೆ ಲಕ್ಷಾಂತರ ಕಂಪ್ಯೂಟರ್‌ಗಳ ಒಳಗೆ ಹೋಗುತ್ತದೆ. ಕಳುಹಿಸಿದವನು ನಿಜವಾಗಿ ಅವನೇ ಎಂದು ತಿಳಿಯುವುದು ಹೇಗೆ?

ಇದಕ್ಕೆ ಗಣಿತದ ಒಂದು ಉಪಾಯವಿದೆ. ಪ್ರತಿಯೊಬ್ಬ ಸದಸ್ಯನ ಬಳಿ ಜೋಡಿ ಕೀಲಿ ಇರುತ್ತದೆ. ಒಂದು ಗುಟ್ಟಿನದು, ಇನ್ನೊಂದು ಎಲ್ಲರಿಗೂ ಕೊಡುವಂಥದು. ಗುಟ್ಟಿನ ಕೀಲಿಯಿಂದ ಹಾಕಿದ ಸಹಿಯನ್ನು ಇನ್ನೊಂದರಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಆದರೆ ನನ್ನ ಹೆಸರಿನಲ್ಲಿ ನೀವೂ ಒಂದು ಕೀಲಿ ಮಾಡಿಕೊಳ್ಳಬಹುದಲ್ಲ? ಅದನ್ನು ತಡೆಯಲು ಗಣಿತದ ಕೈಲಾಗುವುದಿಲ್ಲ. ಈ ಕೀಲಿ ಇವರದೇ ಎಂದು ಇನ್ನೊಬ್ಬ ಮನುಷ್ಯ ಸಾಕ್ಷಿ ಹೇಳಬೇಕು. ಸಾಕ್ಷಿ ಹೇಳುವವನು ಮುಖ ನೋಡಿರಬೇಕು. ಉರ್ದುವಿನಲ್ಲಿ ನಾವು 'ಜಾನ್ ಪೆಹಚಾನ್' ಎಂದು ಎರಡು ಮಾತು ಸೇರಿಸಿ ಹೇಳುತ್ತೇವೆ. ಜಾನ್ ಎಂದರೆ ತಿಳಿದಿರುವುದು, ಪೆಹಚಾನ್ ಎಂದರೆ ಗುರುತು ಹಿಡಿಯುವುದು. ಡೆಬಿಯನ್‌ನವರು ಒಬ್ಬರ ಕೆಲಸವನ್ನು ಇನ್ನೊಬ್ಬರು ಚೆನ್ನಾಗಿಯೇ ತಿಳಿದಿದ್ದರು. ಎದುರು ಸಿಕ್ಕರೆ ಗುರುತು ಮಾತ್ರ ಸಿಗುವಂತಿರಲಿಲ್ಲ.

2000ದ ಜುಲೈನಲ್ಲಿ ಫ್ರಾನ್ಸಿನ ಬೋರ್ಡೋ ನಗರದಲ್ಲಿ ಅವರ ಮೊದಲ ಸಮ್ಮೇಳನ ನಡೆಯಿತು. ಎಣಿಕೆಯನ್ನು ಸೊನ್ನೆಯಿಂದ ಆರಂಭಿಸುವುದು ಕಂಪ್ಯೂಟರ್ ಜನರ ಅಭ್ಯಾಸ, ಹಾಗಾಗಿ ಅದಕ್ಕೆ ಡೆಬ್‌ಕಾನ್ಫ್ 0 ಎಂದೇ ಹೆಸರು. ಇಂಥ ಕೂಟಗಳಲ್ಲಿ ಕೀಲಿಗೆ ಸಹಿ ಹಾಕುವ ಕಾರ್ಯಕ್ರಮ ನೋಡಲು ಬಲು ಸ್ವಾರಸ್ಯವಾಗಿರುತ್ತದೆ. ಬಂದವರ ಹೆಸರು ಮತ್ತು ಅವರ ಕೀಲಿಯ 'ಫಿಂಗರ್‌ಪ್ರಿಂಟ್' ಇರುವ ಪಟ್ಟಿಯನ್ನು ಮೊದಲೇ ಅಚ್ಚು ಹಾಕಿಕೊಂಡು ಬರುತ್ತಾರೆ. ಇದು ಹೆಬ್ಬೆಟ್ಟಿನ ಗುರುತಲ್ಲ, 40 ಅಂಕಿ ಅಕ್ಷರಗಳ ಒಂದು ಸಾಲು. ಎಲ್ಲರ ಕೈಯಲ್ಲಿರುವುದು ಒಂದೇ ಪಟ್ಟಿ ಎಂದು ಖಾತ್ರಿಯಾಗಲು ಪರೀಕ್ಷಾ ಸಂಖ್ಯೆಯೊಂದನ್ನು ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಸಾಲನ್ನು ಹಗ್ಗದಂತೆ ನಡುವೆ ಮಡಿಚುತ್ತಾರೆ, ಆಗ ಒಬ್ಬೊಬ್ಬರ ಎದುರಿಗೂ ಒಬ್ಬರು. ಪಾಸ್‌ಪೋರ್ಟ್ ತೋರಿಸು, ಮುಖ ನೋಡು, ಪಟ್ಟಿಯಲ್ಲಿ ಗುರುತು ಹಾಕು, ಒಂದು ಹೆಜ್ಜೆ ಮುಂದೆ ಸರಿ. ಹೀಗೆ ಪ್ರತಿಯೊಬ್ಬರೂ ಪ್ರತಿಯೊಬ್ಬರ ಮುಂದೆ ನಿಂತು ಹೋಗುತ್ತಾರೆ. ನಿಜವಾದ ಸಹಿ ಹಾಕುವುದು ಆನಂತರ, ಅವರವರ ಕಂಪ್ಯೂಟರಿನಲ್ಲಿ. ಶಾಲೆಯಲ್ಲಿ ಪ್ರಾರ್ಥನೆಗೆ ಸಾಲು ನಿಲ್ಲಿಸುವ ನನ್ನಂಥ ಶಿಕ್ಷಕನಿಗೆ ಈ ಏರ್ಪಾಡು ಬಹಳ ಹಿಡಿಸಿತು.

ಕೂಟಗಳಿಗೆ ನಮ್ಮ ಬೆಂಗಳೂರು ಕೂಡ ತಡಮಾಡಲಿಲ್ಲ. 1996ರಿಂದಲೇ ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿ.ಡಿ. ಹಂಚುವ ಕೆಲಸದ ಹಿಂದೆ ಇದ್ದ ಅತುಲ್ ಚಿಟ್ನಿಸ್ ಮತ್ತು ಗೆಳೆಯರು 2001ರಲ್ಲಿ 'ಲಿನಕ್ಸ್ ಬೆಂಗಳೂರು' ಸಮ್ಮೇಳನ ನಡೆಸಿದರು. 2005ರಲ್ಲಿ ಅದು 'ಫಾಸ್ ಡಾಟ್ ಇನ್' ಆಯಿತು. ಬರಬರುತ್ತಾ ಅವರು ಭಾಷಣ ಕಡಿಮೆ ಮಾಡಿ, ಜೊತೆಗೆ ಕೂತು ಕೆಲಸ ಮಾಡುವುದಕ್ಕೆ ಹೆಚ್ಚು ಒತ್ತು ಕೊಟ್ಟರು. ಅದೇ ಸರಿ ಎಂದು ನನ್ನ ಅಭಿಪ್ರಾಯ. ಭಾಷಣವನ್ನು ಮನೆಯಲ್ಲೂ ಕೇಳಬಹುದು. 2012ರದೇ ಕೊನೆಯ ಸಮ್ಮೇಳನ. 2013ರ ಜೂನ್‌ನಲ್ಲಿ ಚಿಟ್ನಿಸ್ ತೀರಿಕೊಂಡರು.

ಮುಖ ನೋಡಿದ ಮಾತ್ರಕ್ಕೆ ಎಲ್ಲ ಸರಿಹೋಯಿತೇ? ಇಲ್ಲ. 2006ರಲ್ಲಿ ಮೆಕ್ಸಿಕೋದಲ್ಲಿ ನಡೆದ ಡೆಬಿಯನ್ ಸಮ್ಮೇಳನದಲ್ಲಿ ಒಬ್ಬ ಸದಸ್ಯರು ಬೇಕೆಂದೇ ಯಾವ ಸರ್ಕಾರವೂ ಕೊಡದ ಗುರುತಿನ ಚೀಟಿಯೊಂದನ್ನು ತೋರಿಸುತ್ತಾ ಸಾಲಿನಲ್ಲಿ ನಿಂತರು. ಅದನ್ನು ಕೊಟ್ಟದ್ದು 'ಟ್ರಾನ್ಸ್‌ನ್ಯಾಷನಲ್ ರಿಪಬ್ಲಿಕ್' ಎಂಬ ಹೆಸರಿನ, ನಕ್ಷೆಯಲ್ಲಿ ಎಲ್ಲೂ ಇಲ್ಲದ ಒಂದು ಗಣರಾಜ್ಯ! ಹಲವರು ಏನನ್ನೂ ಗಮನಿಸದೆ ಒಪ್ಪಿಕೊಂಡುಬಿಟ್ಟರು. ವಿಷಯ ಬಯಲಾದಾಗ ದೊಡ್ಡ ಚರ್ಚೆಯೇ ಆಯಿತು. ದೂರದೇಶದ ಪಾಸ್‌ಪೋರ್ಟ್ ಅಸಲಿಯೋ ನಕಲಿಯೋ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು? ನಾಲ್ಕು ದಿನ ಜೊತೆಗೆ ಉಂಡು, ಜೊತೆಗೆ ತಲೆ ಕೆಡಿಸಿಕೊಂಡವರ ಪರಿಚಯ ಬೇರೆ, ಸಾಲಿನಲ್ಲಿ ಅರ್ಧ ನಿಮಿಷ ನಿಂತವರ ಪರಿಚಯ ಬೇರೆ.

ಇನ್ನೊಂದು ಕಷ್ಟ ದೂರದ ಊರಿನವರದು. ಹಳೆಯ ಚಿಕ್ಕ ಕೀಲಿಗಳು ಇನ್ನು ಸುರಕ್ಷಿತವಲ್ಲ ಎಂದು 2015ರ ಆರಂಭದಲ್ಲಿ ಡೆಬಿಯನ್ ಅವುಗಳನ್ನು ತೆಗೆದುಹಾಕಿತು. ಹೊಸ ಕೀಲಿಗೆ ಹೊಸ ಸಹಿ ಬೇಕು. ಯುರೋಪಿನ ನಗರದಲ್ಲಿ ಇರುವವನಿಗೆ ಒಂದು ಸಂಜೆಯಲ್ಲಿ ಸಹಿ ಸಿಗುತ್ತದೆ. ಸುತ್ತಮುತ್ತ ಒಬ್ಬ ಸದಸ್ಯನೂ ಇಲ್ಲದವನು ಎಲ್ಲಿಗೆ ಹೋಗಬೇಕು? ಪ್ರಯಾಣದ ಖರ್ಚಿಗೆ ಸಮ್ಮೇಳನದವರು ನೆರವು ಕೊಡುತ್ತಾರೆ, ನಿಜ. ವೀಸಾ ಕೊಡುವುದು ಅವರ ಕೈಯಲ್ಲಿಲ್ಲ. 2020 ಮತ್ತು 2021ರಲ್ಲಿ ಕೋವಿಡ್‌ನಿಂದಾಗಿ ಸಮ್ಮೇಳನವೇ ಪರದೆಯ ಮೇಲೆ ನಡೆದಾಗ ಈ ತೊಂದರೆ ಎಲ್ಲರಿಗೂ ಅರ್ಥವಾಯಿತು.

2023ರ ಸೆಪ್ಟೆಂಬರ್‌ನಲ್ಲಿ ಡೆಬಿಯನ್ ಸಮ್ಮೇಳನ ಮೊದಲ ಬಾರಿಗೆ ಭಾರತಕ್ಕೆ, ಪಕ್ಕದ ಕೇರಳದ ಕೊಚ್ಚಿಗೆ ಬಂತು. ವೀಸಾ ಇಲ್ಲದೆ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಹೋಗಬಹುದಾದ ದೂರ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಕಲಿಯುತ್ತಿದ್ದಾರೆ ಎಂಬುದನ್ನೂ ಇಲ್ಲಿ ಹೇಳಬೇಕು.

ಅದಾಗಿ ಆರು ತಿಂಗಳಿಗೆ ಬಂದದ್ದು ಎಕ್ಸ್‌ಝಡ್ ಪ್ರಕರಣ. ಎಕ್ಸ್‌ಝಡ್ ಎಂಬುದು ಕಡತಗಳನ್ನು ಚಿಕ್ಕದು ಮಾಡುವ ಸಣ್ಣ ತಂತ್ರಾಂಶ, ಲಿನಕ್ಸ್ ಇರುವಲ್ಲೆಲ್ಲ ಇರುತ್ತದೆ. ಅದನ್ನು ಒಬ್ಬರೇ ವ್ಯಕ್ತಿ ವರ್ಷಾನುಗಟ್ಟಲೆ ನೋಡಿಕೊಳ್ಳುತ್ತಿದ್ದರು. 2021ರಿಂದ 'ಜಿಯಾ ಟ್ಯಾನ್' ಎಂಬ ಹೆಸರಿನವರು ಸಹಾಯಕ್ಕೆ ಬಂದರು. ನಮ್ಮ ಕಡೆಯ ಜಿಯಾ ಸಾಹೇಬರೆಂದುಕೊಳ್ಳಬೇಡಿ, ಅದು ಚೀನೀ ಧಾಟಿಯ ಹೆಸರು, ಅದೂ ನಿಜವಾದದ್ದೆಂದು ತಜ್ಞರು ನಂಬುವುದಿಲ್ಲ. ಜವಾಬ್ದಾರಿಯನ್ನು ಬೇರೆಯವರಿಗೆ ಹಂಚಿರಿ ಎಂದು ಅಪರಿಚಿತ ಹೆಸರುಗಳಿಂದ ಹಳಬರ ಮೇಲೆ ಒತ್ತಾಯ ಬಂತು. ಜಿಯಾ ಟ್ಯಾನ್ ವಿನಯದಿಂದ, ತಾಳ್ಮೆಯಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಂಬಿಕೆ ಗಳಿಸಿ, 2024ರ ಆರಂಭದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟರು. ಡೆಬಿಯನ್‌ನ ಪರೀಕ್ಷಾ ಆವೃತ್ತಿಗಳವರೆಗೂ ಅದು ಬಂದಿತ್ತು, ಜನಸಾಮಾನ್ಯರು ಬಳಸುವ ಸ್ಥಿರ ಆವೃತ್ತಿಗೆ ಇನ್ನೂ ತಲುಪಿರಲಿಲ್ಲ.

ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿ, 2024ರ ಮಾರ್ಚ್ 29ರಂದು ಇದನ್ನು ಬಯಲು ಮಾಡಿದರು. ಜಿಯಾ ಟ್ಯಾನ್ ಅಂದಿನಿಂದ ಮಾಯ. ಅವರನ್ನು ಎದುರಿಗೆ ಕಂಡೆ, ಜೊತೆಗೆ ಚಹಾ ಕುಡಿದೆ ಎನ್ನುವ ಒಬ್ಬರೂ ಮುಂದೆ ಬಂದಿಲ್ಲ. ಕೆಲಸ ಮತ್ತೆ ಆ ಹಳೆಯ ಒಬ್ಬಂಟಿ ನಿರ್ವಾಹಕರ ಹೆಗಲಿಗೇ ಬಂತು. ಹೊರಗಿನವರು ಸೇರಿಸಿದ್ದನ್ನೆಲ್ಲ ತಿರುವಿಹಾಕಿ, ಕಳ್ಳಬಾಗಿಲು ತೆಗೆದು, ಅವರು 5.6.2 ಆವೃತ್ತಿಯನ್ನು ಹೊರತಂದದ್ದು ಅದೇ ವರ್ಷದ ಮೇ ತಿಂಗಳ ಕೊನೆಯಲ್ಲಿ.