ಪಸ್ತಾಪುರದಿಂದ ಜೈಸಲ್ಮೇರ್‌ಗೆ: ಎರೆಭೂತದ ದಾರಿ

ನಮ್ಮ ಕಡೆ ಮನೆಮಂದಿಯೆಲ್ಲ ಕೂಡಿ ದೂರ ಹೋಗುವುದೆಂದರೆ ಇಷ್ಟು ದಿನ ಪಂಢರಪುರ, ಶ್ರೀಶೈಲ, ತಿರುಪತಿ. ಈಗ ಮಕ್ಕಳು ಫೋನಿನಲ್ಲಿ ಮರಳುದಿಬ್ಬ, ಒಂಟೆ ನೋಡಿ, "ಅಪ್ಪಾ, ಒಮ್ಮೆ ಮರುಭೂಮಿಗೆ ಹೋಗೋಣು" ಅಂತ ಗಂಟು ಬೀಳುತ್ತಾರೆ. ಜಹೀರಾಬಾದಿನಲ್ಲಿ ಬಾಡಿಗೆ ಗಾಡಿ ಸಿಗುತ್ತದೆ, ರಸ್ತೆ ಚೆನ್ನಾಗಿದೆ, ನಾಲ್ಕು ದುಡ್ಡು ಕೂಡಿಟ್ಟವರು ಹೊರಡುವ ವಿಚಾರವನ್ನೂ ಮಾಡುತ್ತಾರೆ. ರಾಜಸ್ಥಾನದ ಜೈಸಲ್ಮೇರ್ ಬಳಿ ಇರುವ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಪಸ್ತಾಪುರದಿಂದ ಹೋಗುವವರು ದಾರಿಯಲ್ಲಿ ಏನೇನು ನೋಡಬೇಕು, ಆ ದಾರಿಗೂ ನಮ್ಮ ಮಣ್ಣಿಗೂ ಇರುವ ಸಂಬಂಧ ಏನು ಎಂದು ತಿಳಿಸುವುದಕ್ಕೆ ಈ ಲೇಖನ.

ಮೊದಲಿಗೇ ಒಂದು ಮಾತು. ಅಲ್ಲಿ ನೋಡಬೇಕಾದದ್ದು ಮರಳು ಒಂದೇ ಅಲ್ಲ. ಆ ಉದ್ಯಾನದಲ್ಲಿ ಮರಳುದಿಬ್ಬಗಳು ಇರುವುದು ಒಂದು ಪಾಲಿನಷ್ಟು ಮಾತ್ರ. ಉಳಿದದ್ದು ಕಲ್ಲುನೆಲ, ಕುರುಚಲು, ಸೇವಣ್ ಎಂಬ ಹುಲ್ಲಿನ ಬಯಲು. ಆ ಹುಲ್ಲಿನಲ್ಲಿ ಒಂದು ದೊಡ್ಡ ಹಕ್ಕಿ ಇದೆ. ಅದನ್ನು ಉಳಿಸಲಿಕ್ಕೆಂದೇ ಉದ್ಯಾನ ಆಯಿತು ಎಂದರೂ ನಡೆಯುತ್ತದೆ. ಆ ಹಕ್ಕಿ ಒಂದು ಕಾಲಕ್ಕೆ ದಖನ್ನಿನ ಬಯಲಿನದೂ ಆಗಿತ್ತು.

ಬಳ್ಳಾರಿ ಕಡೆ ಇದಕ್ಕೆ ಎರೆಭೂತ ಅನ್ನುತ್ತಾರೆ. ಎರೆ ಅಂದರೆ ಕಪ್ಪು ನೆಲ. ಎರೆ ಹೊಲದಲ್ಲಿ ಥಟ್ಟನೆ ಎದ್ದು ನಿಲ್ಲುವ ಹಕ್ಕಿಗೆ ತಕ್ಕ ಹೆಸರು. ದೊರವಾಯನ ಹಕ್ಕಿ ಎಂಬ ಇನ್ನೊಂದು ಹೆಸರೂ ಉಂಟು. ತೆಲುಗಿನವರು ಬಟ್ಟಮೇಕ ಪಿಟ್ಟ ಎನ್ನುತ್ತಾರೆ, ಮರಾಠಿಯವರು ಮಾಳಢೋಕ್ ಎನ್ನುತ್ತಾರೆ, ರಾಜಸ್ಥಾನದವರು ಗೋಡಾವಣ್ ಎನ್ನುತ್ತಾರೆ. ಇಷ್ಟು ಭಾಷೆಗಳಲ್ಲಿ ಹೆಸರಿದೆ ಎಂದರೆ ಅಷ್ಟೂ ಸೀಮೆಯ ಜನ ಅದನ್ನು ಕಣ್ಣಾರೆ ಕಂಡವರು ಎಂದೇ ಅರ್ಥ. ನಿಂತರೆ ಮೂರಡಿಗೂ ಎತ್ತರ, ಗಂಡುಹಕ್ಕಿ 15 ಕಿಲೋ ತೂಗುವುದೂ ಉಂಟು. ಹಾರುವ ಹಕ್ಕಿಗಳಲ್ಲಿ ಇಷ್ಟು ತೂಕದವು ಲೋಕದಲ್ಲೇ ಕಡಿಮೆ. ಮಿಡತೆ, ಹುಳು, ಬೋರೆಹಣ್ಣು, ಕಾಳು ತಿನ್ನುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಗೂಡಿಲ್ಲದೆ ಬರೀ ನೆಲದ ಮೇಲೆ. ಪಂಜಾಬಿನಿಂದ ತಮಿಳುನಾಡಿನವರೆಗೆ ಒಣ ಬಯಲು ಇದ್ದಲ್ಲೆಲ್ಲ ಇದರ ಹರವು ಇತ್ತು. ನಮ್ಮ ಸೀಮೆಯೂ ಆ ಹರವಿನ ನಡುವೆಯೇ ಬರುತ್ತದೆ.

ಹಾಗಾದರೆ ಅದು ಇಲ್ಲಿಂದ ಹೇಗೆ ಹೋಯಿತು? ಅದಕ್ಕೆ ನಮ್ಮ ನೆಲದ ಕಾಗದಪತ್ರದ ಕಡೆ ನೋಡಬೇಕು.

1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ್ ಎರಡೂ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಕಲಬುರಗಿ ಜಿಲ್ಲೆಯದು. ರಾಜ್ಯಗಳ ಪುನರ್ವಿಂಗಡಣೆ ಆದಾಗ ನಿರ್ಣಾ ಭಾಗವೊಂದನ್ನು ಬಿಟ್ಟು ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ಭಾಗ, ನಾರಾಯಣಖೇಡ್ ಮತ್ತು ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. ಅಕ್ಕನ ಮನೆ ಆ ಕಡೆ, ತಂಗಿಯ ಮನೆ ಈ ಕಡೆ ಆಯಿತು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಗೊತ್ತಿಲ್ಲದ್ದು ಇನ್ನೊಂದಿದೆ. ನಿಜಾಮರ ಕಾಲಕ್ಕೆ ಜಮೀನಿನ ಕಾಗದ ಉರ್ದುವಿನಲ್ಲಿ ಇತ್ತು, ಆಮೇಲೆ ತೆಲುಗಿಗೆ ಬಂತು. ಕನ್ನಡದಲ್ಲಿ ಕರೆಯುವ ಹೊಲದ ಹೆಸರು, ಮಡ್ಡಿಯ ಹೆಸರು, ಹಳ್ಳದ ಹೆಸರು ಉಳಿದದ್ದು ಬಾಯಲ್ಲಿ ಮಾತ್ರ. ಹಿರಿಯರು ದನ ಬಿಡುತ್ತಿದ್ದ ಹುಲ್ಲುಗಾವಲು ಕಾಗದದಲ್ಲಿ ಗೈರಾನ, ಬಂಜರ, ಖಾರಿಜ್ ಖಾತಾ ಎಂದಾಯಿತು. ಅಂದರೆ ಯಾರ ಪಟ್ಟಾದಲ್ಲೂ ಇಲ್ಲದ, ಕಂದಾಯ ಬಾರದ ನೆಲ. ಕಂದಾಯ ಬಾರದ ನೆಲ ಸರ್ಕಾರದ ಕಣ್ಣಿಗೆ ಖಾಲಿ ನೆಲ. ಅದರ ಮೇಲೆ ಚಿಗರಿ ಓಡಾಡುತ್ತಿದ್ದುದು, ಕುರಿ ಮೇಯುತ್ತಿದ್ದುದು, ಹಕ್ಕಿ ಮೊಟ್ಟೆ ಇಡುತ್ತಿದ್ದುದು ಯಾವ ದಫ್ತರದಲ್ಲೂ ಬರೆದಿಲ್ಲ. ದಖನ್ನಿನ ಉದ್ದಕ್ಕೂ ಇಂಥ ನೆಲವೇ ಮೊದಲು ಉಳುಮೆಗೆ, ನೀಲಗಿರಿ ತೋಪಿಗೆ, ಕಾಲುವೆಗೆ, ಕಾರ್ಖಾನೆಗೆ ಹೋಯಿತು. ಈಚಿನ ವರ್ಷಗಳಲ್ಲಿ ನ್ಯಾಲಕಲ್, ಝರಾಸಂಗಮ ಮಂಡಲಗಳಲ್ಲಿ ಕೈಗಾರಿಕಾ ವಲಯಕ್ಕೆಂದು ಗುರುತಿಸಿದ್ದು 12 ಸಾವಿರ ಎಕರೆಗೂ ಹೆಚ್ಚು.

ಚಿಗರಿ ಮಾತ್ರ ಹೇಗೋ ಉಳಿದುಕೊಂಡಿದೆ. ಮಂಜೀರಾ ದಡದ ಬಯಲಲ್ಲಿ, ಬೀದರ್ ಕಡೆಯ ಹುಲ್ಲುಗಾವಲಲ್ಲಿ ಇಂದಿಗೂ ಕಾಣುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿಗೆ ಅಷ್ಟು ತಡೆದುಕೊಳ್ಳುವ ಶಕ್ತಿ ಇರಲಿಲ್ಲ.

ಈಗ ದಾರಿ ಹಿಡಿಯೋಣ. ನಮ್ಮ ಹಿರಿಯರು ಕುಟುಂಬ ಸಮೇತ ಹೊರಡುತ್ತಿದ್ದುದು ಬಂಡಿಯಲ್ಲಿ. ಶಿವರಾತ್ರಿಗೆ ಝರಾಸಂಗಮದ ಕೇತಕಿ ಸಂಗಮೇಶ್ವರ, ಚಳಿಗಾಲಕ್ಕೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಎಲ್ಲಿ ಬಾವಿ ಇದೆ, ಎಲ್ಲಿ ಎತ್ತಿಗೆ ಮೇವು ಸಿಗುತ್ತದೆ, ಯಾವ ಊರಲ್ಲಿ ಬೀಗರಿದ್ದಾರೆ ಎಂದು ನೋಡಿ ತಂಗುವ ಜಾಗ ಗೊತ್ತು ಮಾಡುತ್ತಿದ್ದರು. 1932ರ ಜೂನ್‌ನಲ್ಲಿ ನಿಜಾಂ ರೈಲ್ವೆಯವರು 27 ಬಸ್ಸು ಇಟ್ಟುಕೊಂಡು ರಸ್ತೆ ಸಾರಿಗೆ ಶುರು ಮಾಡಿದರು. ಅಲ್ಲಿಂದ ಬಂಡಿಯ ಲೆಕ್ಕ ಹೋಗಿ ಬಸ್ಸಿನ ಲೆಕ್ಕ ಬಂತು. ಆದರೆ ನೀರು, ಬುತ್ತಿ, ತಂಗುವ ಜಾಗ ಎಂಬ ಮೂರರ ವಿಚಾರ ಮರುಭೂಮಿಗೆ ಹೋಗುವವರಿಗೆ ಈಗಲೂ ಹಾಗೇ ಇದೆ.

ಹೈದರಾಬಾದಿನಿಂದ ನಮ್ಮೂರ ಪಕ್ಕದಲ್ಲೇ ಹಾದು ಪುಣೆಗೆ ಹೋಗುವ ಹೆದ್ದಾರಿ ಮೊದಲು 9ನೇ ನಂಬರಿನದು, ಈಗ 65. ಹುಮನಾಬಾದ್, ಉಮರಗಾ, ನಳದುರ್ಗ ದಾಟಿದರೆ ಸೊಲ್ಲಾಪುರ, ಸುಮಾರು 200 ಕಿ.ಮೀ. ಮೊದಲ ದಿನ ಅಲ್ಲಿಗೆ ನಿಲ್ಲುವುದು ಒಳ್ಳೇದು. ಸೊಲ್ಲಾಪುರದಿಂದ ಬಾರ್ಶಿ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ನಾನ್ನಜ್ ಸಿಗುತ್ತದೆ. 1979ರಲ್ಲಿ ಮಹಾರಾಷ್ಟ್ರ ಸರ್ಕಾರ ಮಾಳಢೋಕ್ ಹಕ್ಕಿಗೆಂದು ಇಲ್ಲಿ ಅಭಯಾರಣ್ಯ ಮಾಡಿತು. ಕಾಗದದ ಮೇಲೆ ಅದರ ವಿಸ್ತೀರ್ಣ 8,496 ಚದರ ಕಿ.ಮೀ., ಹಳ್ಳಿ ಪಟ್ಟಣ ರೈತರ ಹೊಲ ಎಲ್ಲವೂ ಅದರೊಳಗೇ. ಜಮೀನು ಮಾರಲಿಕ್ಕೆ, ಕಟ್ಟಲಿಕ್ಕೆ ತೊಡಕಾಗಿ ಜನರಿಗೆ ಹಕ್ಕಿಯ ಮೇಲೇ ಸಿಟ್ಟು ಬಂತು. ಕೊನೆಗೆ ಅದನ್ನು ಸುಮಾರು 1,222 ಚದರ ಕಿ.ಮೀ.ಗೆ ಇಳಿಸಿದರು. ಅಷ್ಟರಲ್ಲಿ ಹಕ್ಕಿಯೂ ಇಳಿದಿತ್ತು. ಈಗ ಅಲ್ಲಿ ಚಿಗರಿ, ತೋಳ, ಹುಲ್ಲು ನೋಡಬಹುದು. ಮಾಳಢೋಕ್ ಕಾಣುವುದು ಬಲು ಅಪರೂಪ. ಕರ್ನೂಲು ಕಡೆ ರೋಳ್ಳಪಾಡು ಎಂಬಲ್ಲಿ 1988ರಲ್ಲಿ ಮಾಡಿದ ಅಭಯಾರಣ್ಯದಲ್ಲೂ ಹಕ್ಕಿ ಇಲ್ಲವಾಯಿತು. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದವು.

ಸೊಲ್ಲಾಪುರದಿಂದ ಕರ್ಮಾಳಾ ಮೇಲೆ ಅಹ್ಮದ್‌ನಗರ (ಈಗಿನ ಅಹಿಲ್ಯಾನಗರ) ಸೇರಬಹುದು. ಈ ಜಿಲ್ಲೆಯಲ್ಲಿ 1809ರಿಂದ 1829ರ ನಡುವೆ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಆಂಗ್ಲ ಬೇಟೆಗಾರ 961 ಎರೆಭೂತಗಳನ್ನು ಹೊಡೆದ. ಮಕ್ಕಳಿಗೆ ಈ ಸಂಖ್ಯೆಯನ್ನು ಗಾಡಿ ನಿಲ್ಲಿಸಿ ಹೇಳಬೇಕು. ಏಕೆಂದರೆ 1969ರ ಹೊತ್ತಿಗೆ ಇಡೀ ದೇಶದಲ್ಲಿ ಉಳಿದದ್ದು ಸುಮಾರು 1,260 ಎಂಬ ಅಂದಾಜು. 2018ರ ಹೊತ್ತಿಗೆ ಸುಮಾರು 150. ಒಬ್ಬ ಮನುಷ್ಯ ಇಪ್ಪತ್ತು ವರ್ಷದಲ್ಲಿ ಹೊಡೆದಷ್ಟು ಹಕ್ಕಿ ಈಗ ಭೂಮಿಯ ಮೇಲೇ ಇಲ್ಲ.

ಅಲ್ಲಿಂದ ನಾಸಿಕ್, ಸೂರತ್, ಅಹಮದಾಬಾದ್ ದಾಟಿ ಜೋಧ್‌ಪುರ. ಜೋಧ್‌ಪುರದ ಹತ್ತಿರ ಖೇಜಡ್ಲಿ ಎಂಬ ಹಳ್ಳಿ ಇದೆ. 1730ರಲ್ಲಿ ಅರಸನ ಆಳುಗಳು ಅರಮನೆಗೆ ಕಟ್ಟಿಗೆ ಬೇಕೆಂದು ಖೇಜಡಿ ಮರ ಕಡಿಯಲಿಕ್ಕೆ ಬಂದರು. ಅಮೃತಾದೇವಿ ಎಂಬ ಬಿಷ್ಣೋಯಿ ಹೆಣ್ಣುಮಗಳು ಮರ ತಬ್ಬಿ ನಿಂತಳು. ಅವಳ ಜೊತೆ ಒಟ್ಟು 363 ಮಂದಿ ಪ್ರಾಣ ಕೊಟ್ಟರೆಂದು ಅಲ್ಲಿಯ ಜನ ಇಂದಿಗೂ ನೆನೆಯುತ್ತಾರೆ. ಆ ಖೇಜಡಿ ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿ ಮರ. ದಸರೆಗೆ "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂತ ನಾವು ಕೈಗೆ ಕೈ ಕೊಡುವ ಎಲೆ ಅದರದೇ. ರಾಜಸ್ಥಾನದ ರಾಜ್ಯವೃಕ್ಷ ಅದು. ತೆಲಂಗಾಣದ ರಾಜ್ಯವೃಕ್ಷವೂ ಅದೇ, ಜಮ್ಮಿ ಎಂಬ ಹೆಸರಿನಲ್ಲಿ. ಅಷ್ಟು ದೂರ ಹೋದ ಮೇಲೆ ನಮ್ಮೂರ ಗಿಡವೇ ಎದುರಾದರೆ ಆ ನಾಡು ಪರದೇಶ ಅನ್ನಿಸುವುದಿಲ್ಲ.

ಜೈಸಲ್ಮೇರ್ ಮುಟ್ಟಿದ ಮೇಲೆ ಉದ್ಯಾನದ ಕಥೆ. 1978ರ ಕೊನೆಗೆ ಅರಬ್ ದೇಶದ ರಾಜಮನೆತನದವರು ಸಾಕಿದ ಡೇಗೆಗಳನ್ನು ತಂದು ಇಲ್ಲಿ ಹಕ್ಕಿ ಬೇಟೆಗೆ ಇಳಿದರು. ರಾಜಸ್ಥಾನದ ಜನ ಬೀದಿಗೆ ಬಂದರು, ಬೇಟೆ ನಿಂತಿತು. 1980ರಲ್ಲಿ ಜೈಸಲ್ಮೇರ್, ಬಾಡಮೇರ್ ಜಿಲ್ಲೆಗಳ 3,162 ಚದರ ಕಿ.ಮೀ. ನೆಲವನ್ನು ಕಾಯ್ದಿಟ್ಟರು. ಹೆಸರು ರಾಷ್ಟ್ರೀಯ ಉದ್ಯಾನ. ಕಾನೂನಿನ ಪ್ರಕಾರ ಅದು ಅಭಯಾರಣ್ಯ. ಒಳಗೆ ಎಪ್ಪತ್ತಕ್ಕೂ ಹೆಚ್ಚು ಹಳ್ಳಿಗಳಿವೆ. ಅಲ್ಲಿಯ ಜನ ಕುರಿ, ಆಡು, ದನ ಸಾಕುತ್ತಾರೆ, ಮಳೆ ಬಂದರೆ ಸಜ್ಜೆ ಬಿತ್ತುತ್ತಾರೆ. ರಸ್ತೆ ಹಾಕಲಿಕ್ಕೆ, ಕರೆಂಟು ಎಳೆಯಲಿಕ್ಕೆ ಅನುಮತಿ ಸಿಗದೆ ಅವರು ಪಟ್ಟ ಕಷ್ಟ ನಾನ್ನಜ್‌ನವರ ಕಷ್ಟದಂಥದೇ. ಹಕ್ಕಿ ಉಳಿಸಿದ ಖರ್ಚಿನ ದೊಡ್ಡ ಪಾಲು ಬಿದ್ದದ್ದು ಬಡವರ ಮೇಲೆ ಎಂಬುದನ್ನು ಮರೆಯಬಾರದು.

ಈಗಿನ ದೊಡ್ಡ ಅಪಾಯ ಬಂದೂಕಿನದಲ್ಲ, ತಂತಿಯದು. ಬಿಸಿಲು, ಗಾಳಿ ಎರಡೂ ಧಾರಾಳ ಇರುವ ಆ ಬಯಲಿಗೆ ಸೌರಫಲಕ, ಗಾಳಿಯಂತ್ರ ಬಂದವು, ಅವುಗಳ ಹಿಂದೆ ದೊಡ್ಡ ದೊಡ್ಡ ವಿದ್ಯುತ್ ತಂತಿಗಳು. ಎರೆಭೂತಕ್ಕೆ ನೇರ ಮುಂದಿನದು ಸರಿಯಾಗಿ ಕಾಣುವುದಿಲ್ಲ, ಮೈ ಭಾರ, ಕೂಡಲೇ ತಿರುಗಲಿಕ್ಕೆ ಆಗುವುದಿಲ್ಲ. ತಂತಿಗೆ ಬಡಿದು ಸಾಯುತ್ತದೆ. ತಂತಿಗಳನ್ನು ನೆಲದಡಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಆದೇಶ ಮಾಡಿತು. 2024ರ ಮಾರ್ಚ್‌ನಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಇತ್ತ 2019ರಿಂದ ಸಮ್ ಎಂಬಲ್ಲಿ ಕಾಡಿನ ಮೊಟ್ಟೆ ತಂದು ಮರಿ ಮಾಡಿಸುವ ಕೇಂದ್ರ ನಡೆದಿದೆ. ಮರಿಗಳು ಹೆಚ್ಚುತ್ತಿವೆ. ಅವನ್ನು ಬಿಡಲಿಕ್ಕೆ ಹುಲ್ಲುಬಯಲು ಎಲ್ಲಿ ಎಂಬುದೇ ಮುಂದಿನ ಪ್ರಶ್ನೆ.

ಹೊರಡುವವರಿಗೆ ನಾಲ್ಕು ಲೆಕ್ಕ. ದಾರಿ ಒಂದು ಕಡೆಗೆ ಸುಮಾರು 1,800 ಕಿ.ಮೀ. ಮುದುಕರು ಮಕ್ಕಳು ಇದ್ದರೆ ದಿನಕ್ಕೆ 350–400 ಕಿ.ಮೀ.ಗಿಂತ ಹೆಚ್ಚು ಬೇಡ. ಹೋಗಲಿಕ್ಕೆ ಐದು ದಿನ, ಬರಲಿಕ್ಕೆ ಐದು ದಿನ, ನಡುವೆ ಎರಡು ದಿನ. ಇಷ್ಟು ಬಿಡುವು ಸಿಗುವುದು ದಸರಾ ರಜೆಯಲ್ಲಿ. ಬೇಸಿಗೆಯಲ್ಲಂತೂ ಬೇಡವೇ ಬೇಡ, ಬಿಸಿಲು 45 ಡಿಗ್ರಿ ದಾಟುತ್ತದೆ. ಅಕ್ಟೋಬರ್‌ನಲ್ಲಿ ಹಗಲು ಇನ್ನೂ ಕಾವು ಇರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಹಿತ, ಆದರೆ ರಾತ್ರಿ ಕಂಬಳಿ ಬೇಕು. ಲೀಟರಿಗೆ 15–18 ಕಿ.ಮೀ. ಓಡುವ ಗಾಡಿಗೆ ಹೋಗಿ ಬರುವುದಕ್ಕೆ 200–240 ಲೀಟರ್ ಎಣ್ಣೆ. ಜೋಧ್‌ಪುರ ದಾಟಿದ ಮೇಲೆ ತಲೆಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಗಾಡಿಯಲ್ಲೇ ಇರಲಿ. ಕಟಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ವಾರ ಕೆಡುವುದಿಲ್ಲ. ಉದ್ಯಾನದೊಳಗೆ ಹೋಗಲಿಕ್ಕೆ ಜೈಸಲ್ಮೇರ್‌ನ ಅರಣ್ಯ ಇಲಾಖೆಯ ಅನುಮತಿ ಬೇಕು. ಗಡಿ ಹತ್ತಿರ, ಗುರುತಿನ ಚೀಟಿ ಮರೆಯಬೇಡಿ. ಹಕ್ಕಿ ಕಂಡರೆ ಗಾಡಿ ದೂರ ನಿಲ್ಲಿಸಿ ನೋಡಿ. ಹತ್ತಿರದ ಫೋಟೋಕ್ಕೆ ಓಡಿದರೆ ಅದು ಮೊಟ್ಟೆ ಬಿಟ್ಟು ಎದ್ದು ಹೋಗುತ್ತದೆ.

ಬಿಡುವು ಇದ್ದರೆ ಜೈಸಲ್ಮೇರ್ ಸುತ್ತಲಿನ ಖಡೀನ್ ಹೊಲ ನೋಡಿ ಬನ್ನಿ. ವರ್ಷಕ್ಕೆ 200 ಮಿ.ಮೀ. ಕೂಡ ಬಾರದ ಮಳೆಯನ್ನು ಇಳಿಜಾರಿನ ಕೆಳಗೆ ಉದ್ದ ಒಡ್ಡು ಕಟ್ಟಿ ನಿಲ್ಲಿಸಿ, ನೀರು ಇಂಗಿದ ಮೇಲೆ ಬಿತ್ತುವ ಪದ್ಧತಿ. ಪಾಲಿವಾಲ ಬ್ರಾಹ್ಮಣರು ನೂರಾರು ವರ್ಷದ ಹಿಂದೆ ಇದನ್ನು ಬೆಳೆಸಿದರು. ಅದರ ನಾಲ್ಕು ಪಟ್ಟಿನಷ್ಟು ಮಳೆ ಬೀಳುವ ನಾವು ನೀರಿಲ್ಲ ಎಂದು ಕೂರುತ್ತೇವೆ.

ಪಸ್ತಾಪುರದವರಿಗೆ ಇದು ಹೊಸ ಪಾಠ ಆಗಬೇಕಿಲ್ಲ. ಮೈಸೂರಿನಲ್ಲಿ ಹುಟ್ಟಿದ ಪಿ. ವಿ. ಸತೀಶ್ ಮತ್ತು ಅವರ ಗೆಳೆಯರು 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದ ಮೇಲೆ ಸುತ್ತಲಿನ ಹಳ್ಳಿಗಳ ಸಂಘದ ಹೆಣ್ಣುಮಕ್ಕಳು ಬಂಜರ ಎಂದು ಕೈಬಿಟ್ಟ ನೆಲದಲ್ಲಿ ಜೋಳ, ಸಜ್ಜೆ, ನವಣೆ, ತೊಗರಿ ಕೂಡಿಸಿ ಬೆಳೆದು ತೋರಿಸಿದರು. ಪ್ರತಿ ಸಂಕ್ರಾಂತಿಗೆ ಬೀಜ ತುಂಬಿದ ಬಂಡಿಗಳು ಊರೂರು ತಿರುಗುವ ಪಾತ ಪಂಟಲ ಜಾತರವೂ ಒಂದು ಪ್ರವಾಸವೇ. ಒಣ ನೆಲ ಖಾಲಿ ಅಲ್ಲ ಎಂದು ಲೋಕಕ್ಕೆ ಹೇಳಿದ ಊರು ನಮ್ಮದು. ಆದರೆ ಬಿತ್ತದೆ ಬಿಟ್ಟ ಹುಲ್ಲುಗಾವಲೂ ಖಾಲಿ ಅಲ್ಲ ಎಂಬ ಅರ್ಧ ಮಾತು ಇನ್ನೂ ಹೇಳುವುದು ಉಳಿದಿದೆ.

ಅದಕ್ಕೇ ನಮ್ಮ ಮಾಸ್ತರರಲ್ಲಿ ಒಂದು ವಿನಂತಿ. ಜೈಸಲ್ಮೇರ್‌ಗೆ ಹೋಗಲಿಕ್ಕೆ ಆಗುವವರು ಕೆಲವರೇ. ಎಲ್ಲ ಮಕ್ಕಳಿಗೂ ಆಗುವ ಕೆಲಸ ಇನ್ನೊಂದಿದೆ. ಊರಿನ ಗೈರಾನ ಎಷ್ಟು ಎಕರೆ ಇತ್ತು, ಪಹಣಿಯಲ್ಲಿ ಈಗ ಎಷ್ಟಿದೆ, ಅದಕ್ಕೆ ಹಿರಿಯರು ಕನ್ನಡದಲ್ಲಿ ಏನಂತ ಕರೆಯುತ್ತಿದ್ದರು, ಅಲ್ಲಿ ಯಾವ ಹಕ್ಕಿ ಪ್ರಾಣಿ ಇದ್ದವು ಎಂದು ಅಜ್ಜ-ಆಯಿಯರನ್ನು ಕೇಳಿ ಮಕ್ಕಳಿಂದ ಬರೆಯಿಸಬೇಕು. ಕೇಳಿದರೆ ಹೇಳುವವರು ಇನ್ನೂ ನಮ್ಮ ನಡುವೆ ಇದ್ದಾರೆ. ಹತ್ತು ವರ್ಷ ಬಿಟ್ಟು ಕೇಳಿದರೆ ಇರುತ್ತಾರೆಂದು ಹೇಳಲಿಕ್ಕಾಗದು. ಬರೆದ ಆ ಪಟ್ಟಿಗಳನ್ನು ತಂದುಕೊಟ್ಟರೆ ನಮ್ಮ ವಾಚನಾಲಯದಲ್ಲಿ ಜೋಪಾನವಾಗಿ ಇಡಬಹುದು.